ಹಳೆ ಬ್ಲಾಕಿಗೆ ಹೊಸ ಹೆಡ್ಡು ಕೂಡಿಸುತ್ತಿದ್ದವನು

ನನ್ನ ಅಂಗಡಿಯ ಎದುರಿನ ಲೈಟಿನ ಕಂಬಕ್ಕೆ ಅವನ ಶ್ರದ್ಧಾಂಜಲಿಯ ಫ್ಲೆಕ್ಸು ಕಟ್ಟಿದ್ದಾರೆ. ಕಟ್ಟುವವರು ನನ್ನನ್ನು ಒಂದು ಮಾತು ಕೇಳಲಿಲ್ಲ. ಅಂಗಡಿಯ ಬೋರ್ಡಿನ ಅರ್ಧ ಮುಚ್ಚಿಹೋಗಿ, ರಸ್ತೆಯ ಆಚೆಯಿಂದ ನೋಡಿದವರಿಗೆ ನಾನು ಏನು ಮಾರುತ್ತೇನೆ ಎಂಬುದೇ ತಿಳಿಯದ ಹಾಗಾಗಿದೆ. ಬದುಕಿದ್ದಾಗಲೂ ಅಡ್ಡ, ಸತ್ತ ಮೇಲೂ ಅಡ್ಡ. ಫೋಟೋದಲ್ಲಿ ಅವನು ನಗುತ್ತಿದ್ದಾನೆ. ಯಾರದೋ ಮದುವೆಯ ಫೋಟೋದಿಂದ ಕತ್ತರಿಸಿದ್ದಿರಬೇಕು, ಪಕ್ಕದವರ ಭುಜ ಇನ್ನೂ ಮೂಲೆಯಲ್ಲಿ ಉಳಿದಿದೆ. ಕೆಳಗೆ 'ಸ್ನೇಹಜೀವಿ, ಮೃದುಭಾಷಿ' ಎಂದು ಬರೆಸಿದ್ದಾರೆ. ಮೃದುಭಾಷಿಯಂತೆ! ಓದಿದವಳಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಅವನನ್ನು ರಸ್ತೆಯ ಈಚೆಯಿಂದ ನೋಡಿದ್ದೇನೆ. ಚಿಕ್ಕೋಡಿಯಲ್ಲಿ ನಮ್ಮದು ಆಟೋ ಸ್ಪೇರ್ ಪಾರ್ಟ್ಸ್ ಅಂಗಡಿ. ಮಾವನವರು ಇಟ್ಟದ್ದು. ನನ್ನ ಗಂಡನಿಗೆ ಗ್ಯಾಸ್ಕೆಟ್ಟಿಗೂ ಚಪಾತಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ಹಾಗಾಗಿ ಕೌಂಟರು ನನ್ನ ಪಾಲಿಗೆ ಬಂತು. ಎದುರಿಗೆ ಅವನ ಗ್ಯಾರೇಜು, ಗ್ಯಾರೇಜಿನ ಹಿಂದೆಯೇ ಅವನ ಮನೆ. ಅವನು ಬೈಯುವುದು, ಬಡಿಯುವುದು, ಬೀಗುವುದು ಎಲ್ಲವೂ ನನಗೆ ಕೂತಲ್ಲೇ ಕೇಳುತ್ತಿತ್ತು. ಊರೆಲ್ಲ ಅವನನ್ನು ಮಿಸ್ತ್ರಿ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತೇನೆ. ಹೆಸರು ಬೇಕಾದವರು ಫ್ಲೆಕ್ಸು ನೋಡಿಕೊಳ್ಳಲಿ.

ಅವನ ಕೆಲಸ ದೊಡ್ಡದಾಗಿತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಕಾರಿನ ಇಂಜಿನ್ನಿನಲ್ಲಿ ಕೆಳಗಿನ ದಪ್ಪ ಭಾಗ ಬ್ಲಾಕು. ಅದರೊಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಓಡಾಡುತ್ತವೆ. ಬ್ಲಾಕಿನ ಮೇಲೆ ಮುಚ್ಚಳದ ಹಾಗೆ ಕೂರುವುದು ಹೆಡ್ಡು. ಗಾಳಿ, ಪೆಟ್ರೋಲನ್ನು ಒಳಗೆ ಬಿಟ್ಟು ಹೊಗೆಯನ್ನು ಹೊರಗೆ ತಳ್ಳುವ ವಾಲ್ವುಗಳು ಇರುವುದು ಅದರಲ್ಲಿ. ಎರಡರ ನಡುವೆ ಹಾಸುವುದು ನಾನು ಮಾರುವ ಗ್ಯಾಸ್ಕೆಟ್ಟು. ನಮ್ಮ ಕಡೆ ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಲ್ಲಿ ಹಳೇ ತಲೆಮಾರಿನ ಪುಟ್ಟ ಕಾರುಗಳು ಇನ್ನೂ ಓಡುತ್ತವೆ. ಮಂದಿ ನೀರು ನೋಡದೆ ಓಡಿಸಿ ಹೆಡ್ಡು ಬಿರಿಸಿಕೊಂಡು ಬರುತ್ತಿದ್ದರು. ಹಳೇ ಹೆಡ್ಡು ಎಲ್ಲಿಯೂ ಸಿಗುತ್ತಿರಲಿಲ್ಲ. ಅದೇ ಕಾರಿನ ಮುಂದಿನ ತಲೆಮಾರಿನ ಹೆಡ್ಡುಗಳು ಮಾತ್ರ ಕೊಲ್ಲಾಪುರದ ಗುಜರಿಯಲ್ಲಿ ರಾಶಿ ಬಿದ್ದಿದ್ದವು. ಇವನು ಹೊಸದರ ತಲೆ ತೆಗೆದು ಹಳೆಯದರ ಮೈಮೇಲೆ ಕೂಡಿಸುತ್ತಿದ್ದ.

ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ ಅದು. ಬೋಲ್ಟಿನ ತೂತುಗಳೇನೋ ಹೊಂದುತ್ತವೆ. ಆದರೆ ಎಣ್ಣೆ ಮೇಲೇರುವ ತೂತು ಹೊಂದುವುದಿಲ್ಲ. ಒಂದನ್ನು ಮುಚ್ಚಿ ಇನ್ನೊಂದನ್ನು ಕೊರೆಯಬೇಕು. ಹಳೆಯದರಲ್ಲಿ ಪ್ರತಿ ಪಿಸ್ಟನ್ನಿನ ತಲೆಯ ಮೇಲೆ ಎರಡು ವಾಲ್ವು ಇಳಿದರೆ ಹೊಸದರಲ್ಲಿ ನಾಲ್ಕು ಇಳಿಯುತ್ತವೆ, ಅದೂ ಬೇರೆ ಜಾಗದಲ್ಲಿ. ಅವು ಪಿಸ್ಟನ್ನಿಗೆ ತಗಲದ ಹಾಗೆ ಪಿಸ್ಟನ್ನಿನ ನೆತ್ತಿಯ ಮೇಲೆ ಸಣ್ಣ ಗುಳಿ ತೋಡಬೇಕು. ಕಡಿಮೆ ತೋಡಿದರೆ ವಾಲ್ವು ಬಡಿದು ಬಾಗುತ್ತದೆ, ಹೆಚ್ಚು ತೋಡಿದರೆ ಪಿಸ್ಟನ್ನೇ ತೂತು ಬೀಳುತ್ತದೆ. ಇವನು ಕೂಡಿಸಿದ ಕಾರು ಮಾತ್ರ ಸ್ತವನಿಧಿಯ ಘಾಟನ್ನು ಗೇರು ಇಳಿಸದೆ ಏರುತ್ತಿತ್ತು. ತಾನು ಕೂಡಿಸಿದ ಹೆಡ್ಡು ಒಂದೂ ವಾಪಸ್ಸು ಬಂದಿಲ್ಲ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ, ಮತ್ತು ಅದು ಬಹಳ ಕಾಲ ಖರೆಯೇ ಆಗಿತ್ತು.

'ಬ್ಲಾಕ್ ಹಳೇದಿದ್ರೂ ನಡೀತೈತಿ, ತಲಿ ಹೊಸಾದಿರಬೇಕು' ಎನ್ನುವುದು ಅವನ ಮಾತು. ಇದನ್ನು ಇಂಜಿನ್ನಿಗೆ ಹೇಳಿ ಸುಮ್ಮನಿದ್ದರೆ ಚೆನ್ನಾಗಿತ್ತು. ವಯಸ್ಸಾದ ಗಿರಾಕಿ ಏನಾದರೂ ಎರಡನೇ ಸಲ ಕೇಳಿದರೆ ಅವರ ನೆತ್ತಿ ನೋಡಿ ಹೇಳುತ್ತಿದ್ದ. ಒಮ್ಮೆ ಹೈಸ್ಕೂಲಿನ ಮಾಸ್ತರೊಬ್ಬರು ಗೇರು ಹಾಕಿದಾಗ ಸದ್ದು ಬರುತ್ತದೆ ಎಂದು ಕಾರು ತಂದರು. ಇವನು ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬಂದು, ಅವರ ವಿದ್ಯಾರ್ಥಿಗಳೇ ಚಹಾ ಕುಡಿಯುತ್ತ ನಿಂತಿದ್ದ ಕಡೆಗೆ ತಿರುಗಿ, ಗಾಡಿ ಬರೋಬರಿ ಐತಿ, ಡ್ರೈವರನ್ನ ಬದಲಿ ಮಾಡಬೇಕು ಅಂದ. ಮಾಸ್ತರು ಆಮೇಲೆ ಕಾರನ್ನೇ ಮಾರಿದರು. ಸಿಟ್ಟು ಬಂದರೆ ಅವನು ಮರಾಠಿಯಲ್ಲಿ ಬೈಯುತ್ತಿದ್ದ, ಅದು ಆಗಲೇ ಮರೆತುಹೋಗುವಂಥದ್ದು. ಮನಸ್ಸಿಗೆ ನಾಟಬೇಕಾದ ಮಾತನ್ನು ಕನ್ನಡದಲ್ಲಿ, ರೀ ಹಚ್ಚಿ, ಸಾವಕಾಶ ಆಡುತ್ತಿದ್ದ.

ಗ್ಯಾರೇಜಿನ ಮುಂದೆ ಒಂದು ಬೇವಿನ ಮರ ಇತ್ತು. ಗಿರಾಕಿಗಳು ಹಾಳುಮಾಡಿಕೊಂಡು ತಂದ ಭಾಗಗಳನ್ನು ಅವನು ತಂತಿ ಕಟ್ಟಿ ಆ ಮರಕ್ಕೆ ನೇತುಹಾಕುತ್ತಿದ್ದ. ಕರಗಿದ ಪಿಸ್ಟನ್ನು, ಬಿರಿದ ಹೆಡ್ಡು, ಮುರಿದ ರಾಡು. ಕೇಳಿದವರಿಗೂ ಕೇಳದವರಿಗೂ ಯಾವುದು ಯಾರದು ಎಂದು ಹೇಳುತ್ತಿದ್ದ. ಇದು ಅಕ್ಕೋಳದವನದು, ನೀರು ಹಾಕದೆ ನಿಪ್ಪಾಣಿತನಕ ಓಡಿಸಿದ ಜಾಣ. ಇದು ರಾಯಬಾಗದ ಡಾಕ್ಟರದು, ಎಣ್ಣೆ ಮುಗಿಯಿತೆಂದು ಕಾರಿನಲ್ಲಿ ಕೆಂಪು ದೀಪ ಹತ್ತಿದರೆ ದೀಪಾವಳಿ ಅಂದುಕೊಂಡ. ಅಕ್ಕೋಳದ ಆ ಮನುಷ್ಯ ಬಜಾರಕ್ಕೆ ಬಂದರೆ ನಮ್ಮ ರಸ್ತೆ ಬಿಟ್ಟು ಹಿಂದಿನ ಓಣಿಯಿಂದ ಹೋಗುತ್ತಿದ್ದ. ನಾನೇ ಒಂದು ಸಲ ಹೋಗಿ, ಅದನ್ನಾದರೂ ಇಳಿಸೋ ಮಾರಾಯ, ಅವನಿಗೂ ಮಕ್ಕಳು ಮರಿ ಇದ್ದಾರೆ ಅಂದೆ. ಮರುದಿನ ಅದನ್ನು ಇನ್ನೂ ಕೆಳಗಿನ ಟೊಂಗೆಗೆ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ಕಟ್ಟಿದ.

ಅವನಿಗೆ ಕೆಲಸ ಕಲಿಸಿದ ಉಸ್ತಾದರು ಕುಡಚಿಯವರು. ದೊಡ್ಡ ಮನುಷ್ಯರು. ಅವರಿಗೆ ಹಳೇ ಇಂಜಿನ್ನು ಅಂಗೈ ಗೆರೆಯಷ್ಟು ಗೊತ್ತು, ಹೊಸದು ಗೊತ್ತಿಲ್ಲ. ಕೈ ನಡುಗಲು ಶುರುವಾದ ವಯಸ್ಸಿನಲ್ಲಿ, ಹೊಸ ಹೆಡ್ಡು ಕೂಡಿಸುವುದನ್ನು ತೋರಿಸು ಎಂದು ಶಿಷ್ಯನ ಬಾಗಿಲಿಗೆ ಬಂದರು. ಇವನು ಅವರನ್ನು ಮುಂಜಾನೆಯಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ಕೂರಿಸಿದ. ನಾನೇ ಎರಡು ಸಲ ಚಹಾ ಕಳಿಸಿದೆ. ಅವರು ಏಳುವ ಹೊತ್ತಿಗೆ ಇವನು ಹತ್ತಿರ ಬಂದು ಬಹಳ ಮರ್ಯಾದೆಯಿಂದ, 'ಉಸ್ತಾದ್, ಎಣ್ಣಿ ತೂತ ಮುಚ್ಚೂದೇನ್ ಬ್ಯಾಡ್ರಿ. ಹಂಗ ಕೂಡಸ್ರಿ, ನಡೀತೈತಿ' ಎಂದ. ಉಸ್ತಾದರು ನಂಬಿದರು. ನಂಬದೇ ಏನು ಮಾಡಿಯಾರು, ಮಗನ ಹಾಗೆ ತಾವೇ ಸಾಕಿದ ಹುಡುಗ. ಅವರು ಕೂಡಿಸಿದ ಮೊದಲ ಇಂಜಿನ್ನಿನಲ್ಲೇ ಎಣ್ಣೆ ನೀರು ಒಂದಾಗಿ ಎಲ್ಲವೂ ಜಾಮಾಯಿತು. ಆ ವಾರವೇ ಮುದುಕರು ಗ್ಯಾರೇಜಿನ ಬಾಗಿಲು ಹಾಕಿದರು. ಸುದ್ದಿ ತಿಳಿದಾಗ ಇವನು ನಕ್ಕ. ಅವನು ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇಂಥವನಿಗೆ ಜುಗೂಳದ ಹುಡುಗಿಯನ್ನು ಕೊಟ್ಟಿದ್ದರು. ತೆಳ್ಳಗಿನ ಮೈ, ಕಡಿಮೆ ಮಾತು. ಮಕ್ಕಳಾಗಲಿಲ್ಲ. ಅದಕ್ಕೂ ಅವನು ಗಿರಾಕಿಗಳ ಮುಂದೆ ಏನೇನೋ ಅನ್ನುತ್ತಿದ್ದ, ಅದನ್ನು ಬರೆಯಲು ನನಗೆ ಕೈ ಬರುವುದಿಲ್ಲ. ಆದರೆ ಆ ಗ್ಯಾರೇಜಿನಲ್ಲಿ ಅವಳಿಗೆ ಒಂದು ಜಾಗ ಇತ್ತು, ಒಂದೇ ಒಂದು. ಅದು ಹಿಟ್ಟಿನದು.

ಪಿಸ್ಟನ್ನಿನ ಗುಳಿ ಸಾಕಷ್ಟು ಆಗಿದೆಯೋ ಇಲ್ಲವೋ ಎಂದು ನೋಡಲು ಅವನು ನಾದಿದ ಹಿಟ್ಟನ್ನು ಪಿಸ್ಟನ್ನಿನ ಮೇಲೆ ಹಚ್ಚುತ್ತಿದ್ದ. ಮೇಲೆ ಹೆಡ್ಡು ಇಟ್ಟು, ಬೋಲ್ಟು ಬಿಗಿದು, ಇಂಜಿನ್ನನ್ನು ಪಾನಾ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸುತ್ತಿದ್ದ. ವಾಲ್ವುಗಳು ಇಳಿದು ಹಿಟ್ಟನ್ನು ಒತ್ತುತ್ತಿದ್ದವು. ಮತ್ತೆ ಹೆಡ್ಡು ಬಿಚ್ಚಿ, ಒತ್ತಿದ ಕಡೆ ಬ್ಲೇಡಿನಿಂದ ಕೊಯ್ದು, ಉಳಿದ ಹಿಟ್ಟು ಎಷ್ಟು ದಪ್ಪ ಇದೆ ಎಂದು ನೋಡುತ್ತಿದ್ದ. ಬೆಂಕಿಕಡ್ಡಿಯಷ್ಟು ದಪ್ಪ ಉಳಿದರೆ ಸರಿ, ಇಲ್ಲವಾದರೆ ಇನ್ನೂ ತೋಡಬೇಕು. ಇದಕ್ಕೆ ಗೋಧಿ ಹಿಟ್ಟು ನಡೆಯುವುದಿಲ್ಲ. ಅದು ಒತ್ತಿದರೆ ಮತ್ತೆ ಎದ್ದು ಬರುತ್ತದೆ, ಇಲ್ಲದ ಜಾಗವನ್ನು ಇದೆ ಎಂದು ತೋರಿಸುತ್ತದೆ. ಕುದಿಯುವ ಎಸರು ಹಾಕಿ ನಾದಿದ ಜೋಳದ ಹಿಟ್ಟೇ ಬೇಕು. ಅದು ಒತ್ತಿದ ಗುರುತನ್ನು ಒತ್ತಿದ ಹಾಗೆಯೇ ಹಿಡಿದುಕೊಳ್ಳುತ್ತದೆ. ಇದನ್ನು ಅವನಿಗೆ ಹೇಳಿಕೊಟ್ಟದ್ದು ಅವಳೇ. ಬೆಳಿಗ್ಗೆ ರೊಟ್ಟಿಗೆ ನಾದುವಾಗ ಒಂದು ಉಂಡೆ ತೆಗೆದು, ಹಸಿ ಬಟ್ಟೆಯಲ್ಲಿ ಸುತ್ತಿ, ಸೆರಗು ಸರಿಮಾಡಿಕೊಂಡು ಗ್ಯಾರೇಜಿಗೆ ತಂದುಕೊಡುತ್ತಿದ್ದಳು. ಕೊಟ್ಟು ಹೋಗದೆ ಅಲ್ಲೇ ಬಾಗಿಲಲ್ಲಿ ನಿಂತು ಹೆಡ್ಡು ಬಿಚ್ಚುವವರೆಗೆ ನೋಡುತ್ತಿದ್ದಳು. ಮಂದಿ ಅವಳ ಹಿಟ್ಟಿನ ಬಗ್ಗೆ ಮಾತಾಡುವಾಗ ಅವಳ ಮುಖ ನೋಡಬೇಕಿತ್ತು. ಬಂಗಾರ ಹಾಕಿಕೊಂಡವರ ಮುಖದಲ್ಲೂ ಆ ಕಳೆ ಇರುವುದಿಲ್ಲ.

ಒಂದು ವರ್ಷ ನಾಗರ ಪಂಚಮಿಗೆ ಅವಳ ಅಣ್ಣ ಕರೆಯಲು ಬಂದ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗದಿದ್ದರೆ ಹೇಗೆ? ಇವನು ಕಳಿಸಲಿಲ್ಲ. ಕುಡಚಿಯ ಬಳೆ ವ್ಯಾಪಾರಿಯೊಬ್ಬರ ಕಾರು ಬಿಚ್ಚಿಕೊಂಡು ಕೂತಿದ್ದ. ಹಬ್ಬದ ದಿನ ಸಂಜೆಗೆ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ. ಹಿಟ್ಟು ಬೇಕು, ನಿಮ್ಮ ತಂಗಿ ಇಲ್ಲೇ ಇರಲಿ ಎಂದು ಆ ಅಣ್ಣನನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದ. ಅವಳು ತಲೆ ಬಾಗಿಸಿ ಒಳಗೆ ಹೋದಳು.

ಪಂಚಮಿಯ ದಿನ ನಮ್ಮ ಕಡೆ ಒಲೆಯ ಮೇಲೆ ರೊಟ್ಟಿಯ ಹಂಚು ಇಡುವುದಿಲ್ಲ. ರೊಟ್ಟಿಯನ್ನೆಲ್ಲ ಹಿಂದಿನ ದಿನವೇ ಬಡಿದು ಮುಗಿಸಿರುತ್ತಾರೆ. ಹಬ್ಬಕ್ಕೆ ಕುದಿಸಿದ ಕಡಬು, ಅದಕ್ಕೆ ಗೋಧಿ ಹಿಟ್ಟು. ಅವನು ಗ್ಯಾಸ್ಕೆಟ್ಟು ಕೇಳಿದ್ದ, ನಾನು ಅಂಗಡಿಯಲ್ಲಿ ಒಬ್ಬಳೇ ಇದ್ದುದರಿಂದ ನಾನೇ ತೆಗೆದುಕೊಂಡು ಹೋದೆ. ಅವನು ಒಳಬಾಗಿಲ ಕಡೆ ಕೂಗಿ ಹಿಟ್ಟು ತಾ ಎನ್ನುತ್ತಿದ್ದ. ಅವಳು ಬಾಗಿಲಿಗೆ ಬಂದು, ಇವತ್ತು ಹಂಚು ಇಡುವುದಿಲ್ಲ, ಜೋಳಕ್ಕೆ ಎಸರು ಇಟ್ಟಿಲ್ಲ, ನಾಳೆ ಬೆಳಿಗ್ಗೆ ಎದ್ದ ಕೂಡಲೇ ಕೊಡುತ್ತೇನೆ ಅಂದಳು.

'ಕಡಬಿಗಿ ನಾದೀಯಲ್ಲ, ಅದನ್ನ ತಾ' ಎಂದ.

'ಅದು ಗೋದಿರಿ. ಎದ್ದ ಬರ್ತೈತಿ.'

'ನನಗ ಕಲಸಾಕ ಬರಬ್ಯಾಡ.'

ಅವಳು ತಟ್ಟೆಯಲ್ಲಿ ತಂದಿಟ್ಟಳು. ಅವನು ತಾನೇ ಹರಿದು, ತನ್ನ ಕೈಯಿಂದಲೇ ಪಿಸ್ಟನ್ನಿಗೆ ಹಚ್ಚಿದ. ನಾನು ಗ್ಯಾಸ್ಕೆಟ್ಟು ಹಿಡಿದು ಅಲ್ಲೇ ನಿಂತಿದ್ದೆ. ಆಮೇಲೆ ಹಿಟ್ಟು ಕೊಯ್ದು ನೋಡಿದ, ಬೆಂಕಿಕಡ್ಡಿಯ ದಪ್ಪ ಉಳಿದಿತ್ತು. ಅವನು ಹೆಂಡತಿಯ ಕಡೆ ತಿರುಗಿ, ನೋಡಿದ್ಯಾ ಎನ್ನುವ ಹಾಗೆ ಹುಬ್ಬು ಹಾರಿಸಿದ. ಸಂಜೆಗೆ ಕಾರು ಕುಡಚಿಗೆ ಹೋಯಿತು.

ಹೋದದ್ದು ಮೂರು ತಿಂಗಳು ಚೆನ್ನಾಗಿಯೇ ಓಡಿತು. ಬಳೆ ವ್ಯಾಪಾರಿ ಹಳ್ಳಿ ಹಳ್ಳಿ ತಿರುಗುವವರು, ಬಳೆ ಒಡೆದಾವು ಎಂದು ಮೆಲ್ಲಗೆ ಓಡಿಸುತ್ತಿದ್ದರು. ದೀಪಾವಳಿ ಕಳೆದ ಮೇಲೆ ಮಗಳ ನಿಶ್ಚಯಕ್ಕೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಮಿರಜಿಗೆ ಹೊರಟರು. ಹೊತ್ತಾಗಿತ್ತು, ಕಾಗವಾಡ ದಾಟಿದ ಮೇಲೆ ರಸ್ತೆ ಖಾಲಿ ಇತ್ತು, ಮೊದಲ ಸಲ ಜೋರಾಗಿ ಒತ್ತಿದರು. ಡಬಡಬ ಸದ್ದಾಗಿ ಕಾರು ನಿಂತಿತು. ಹಿರಿಯರೆಲ್ಲ ಎಸ್‌ಟಿ ಬಸ್ಸಿನಲ್ಲಿ ನಿಂತುಕೊಂಡು ಬೀಗರ ಮನೆ ಸೇರುವ ಹೊತ್ತಿಗೆ ಊಟ ಆರಿಹೋಗಿತ್ತು. ಕಾರು ಮಾತ್ರ ಕಬ್ಬು ಇಳಿಸಿ ಬರುವ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು, ಮೈಮೇಲೆಲ್ಲ ಕಬ್ಬಿನ ಒಣಗಿದ ಗರಿ, ರವದಿ ಹೊತ್ತುಕೊಂಡು, ಮರುದಿನ ಸಂತೆಯ ಹೊತ್ತಿಗೆ ಅವನ ಬಾಗಿಲಿಗೆ ಬಂತು. ಬೇವಿನ ಮರದ ಕೆಳಗೆ ಮಂದಿ ಕೂಡಿತು. ಎಷ್ಟೋ ವರ್ಷದಿಂದ ಕಾದವರ ಹಾಗೆ ಕೂಡಿತು. ಹಿಂದಿನ ಓಣಿಯಿಂದ ಹೋಗುತ್ತಿದ್ದ ಅಕ್ಕೋಳದವನು ಅವತ್ತು ಮುಂದಿನ ರಸ್ತೆಯಿಂದಲೇ ಬಂದು ನಿಂತ.

ಮಿಸ್ತ್ರಿ ಎಲ್ಲರ ಎದುರಿಗೇ ಹೆಡ್ಡು ಬಿಚ್ಚಿದ. ಮೂರೂ ಪಿಸ್ಟನ್ನಿನ ನೆತ್ತಿಯ ಮೇಲೆ ವಾಲ್ವು ಬಡಿದ ಗುರುತು, ಉಗುರಿನಿಂದ ಗೀರಿದ ಹಾಗೆ. ಮೆಲ್ಲಗೆ ಓಡುವಾಗ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿದ್ದ ವಾಲ್ವುಗಳು ಜೋರಿಗೆ ಬಡಿದು ಸೊಟ್ಟಾಗಿದ್ದವು. ಗುಳಿ ಸಾಲದು ಎಂಬುದು ಮಂದಿಗೆ ಗೊತ್ತಾಗಬೇಕಾದರೆ ಮಿಸ್ತ್ರಿಯೇ ಆಗಬೇಕಿರಲಿಲ್ಲ. ಯಾರೋ ಹಿಂದಿನಿಂದ, ಇದನ್ನ ಯಾವ ಟೊಂಗಿಗಿ ಕಟ್ತೀ ಮಿಸ್ತ್ರಿ ಅಂದರು. ನಗು ಎದ್ದಿತು. ಅವನ ಮುಖ ಕಪ್ಪಿಟ್ಟಿತು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಅವನು ಕೈ ಒರೆಸಿಕೊಂಡು ಹೆಂಡತಿಯನ್ನು ಹೊರಗೆ ಕರೆದ. ಅವಳು ಹಿಟ್ಟಿನ ಕೈಯಲ್ಲೇ ಬಂದಳು. ರಟ್ಟೆ ಹಿಡಿದು ಅವಳನ್ನು ಆ ಬಿಚ್ಚಿದ ಇಂಜಿನ್ನಿನ ಪಕ್ಕದಲ್ಲಿ ನಿಲ್ಲಿಸಿದ. ಸಾವಕಾಶ, ಕನ್ನಡದಲ್ಲಿ ಹೇಳಿದ.

'ನೋಡ್ರಿ ಎಲ್ಲಾರೂ. ಪಂಚಮಿಗಿ ತವರಿಗಿ ಕಳಸಲಿಲ್ಲಂತ ಸಿಟ್ಟ ಇಕಿಗಿ. ಜ್ವಾಳದಾಗ ಗೋದಿ ಬೆರಸಿ ಕೊಟ್ಟಾಳ, ಬೇಕಂತ.'

ನನಗೆ ಮೈಯೆಲ್ಲ ಉರಿದುಹೋಯಿತು. ಕೌಂಟರು ಬಿಟ್ಟು ರಸ್ತೆ ದಾಟಿ ಹೋಗಿ, ಸುಳ್ಳು ಹೇಳಬೇಡ, ಗೋಧಿ ಹಿಟ್ಟು ನೀನೇ ಇಸಿದುಕೊಂಡದ್ದು, ಬೇಡ ಎಂದು ಅವಳು ಅಂದದ್ದನ್ನು ನನ್ನ ಕಿವಿಯಿಂದ ಕೇಳಿದ್ದೇನೆ ಅಂದೆ. ಜೋಳದ ಹಿಟ್ಟು ಯಾವುದು ಗೋಧಿ ಹಿಟ್ಟು ಯಾವುದು ಎಂದು ಮುಟ್ಟಿದರೆ ತಿಳಿಯದವನು ಈ ಸೀಮೆಯಲ್ಲಿ ಹುಟ್ಟಿದ್ದಾನೆಯೇ ಎಂದೂ ಕೇಳಿದೆ. ಅವನು ನನ್ನ ಕಡೆ ನೋಡಲೂ ಇಲ್ಲ. 'ಅಕ್ಕಾರ, ನೀವು ಗ್ಯಾಸ್ಕೆಟ್ ಮಾರ್ರಿ. ನಮ್ಮ ಮನಿ ವಿಷಯ ಬಿಡ್ರಿ' ಎಂದ. ಮಂದಿ ಈಗ ನನ್ನನ್ನು ನೋಡಿ ನಕ್ಕಿತು. ಹೆಂಗಸಿನ ಪರವಾಗಿ ಹೆಂಗಸು ಬಂದಾಳ ಎಂದು ಒಬ್ಬ ಅಂದ. ಅವಳು ಕೈಗೆ ಅಂಟಿದ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸುತ್ತ ನಿಂತಿದ್ದಳು.

ಆ ಹೆಡ್ಡನ್ನು ಅವನು ಮರಕ್ಕೆ ಕಟ್ಟಲಿಲ್ಲ. ಅದರ ಬದಲು ಹೆಂಡತಿಯನ್ನು ಎರಡು ದಿನದಲ್ಲಿ ತವರಿಗೆ ಕಳಿಸಿದ. ಪಂಚಮಿಗೆ ಹೋಗಲು ಬಿಡದವನು ಈಗ ತಾನೇ ಬಸ್ಸಿಗೆ ಕೂರಿಸಿ ಬಂದ. ಊರಲ್ಲಿ ಅವಳಿಗೆ 'ಇಂಜಿನ್ ಒಡದಾಕಿ' ಎಂಬ ಹೆಸರು ಬಿತ್ತು. ಯಾರ ಮನೆಯಲ್ಲಾದರೂ ಸೊಸೆ ಮುನಿಸಿಕೊಂಡರೆ, ನೋಡವ್ವಾ, ಹಿಟ್ಟಿನಾಗ ಏನಾರ ಬೆರಸೀ ಎಂದು ನಗುವಷ್ಟು ಆ ಹೆಸರು ಬೆಳೆಯಿತು. ನಾನು ಬಾಯಿ ಬಡಿದುಕೊಂಡದ್ದಕ್ಕೆ ನನಗೂ ಶಿಕ್ಷೆ ಆಯಿತು. ನನ್ನ ಗ್ಯಾಸ್ಕೆಟ್ಟುಗಳು ಡುಪ್ಲಿಕೇಟ್ ಎಂದು ಅವನು ಸುದ್ದಿ ಹಬ್ಬಿಸಿ, ತಾನು ನಿಪ್ಪಾಣಿಯಿಂದ ತರಿಸಲು ಶುರುಮಾಡಿದ.

ಹಿಟ್ಟಿಗೆ ಏನು ಮಾಡಿದ ಅನ್ನುತ್ತೀರಾ? ಬಸ್ ಸ್ಟ್ಯಾಂಡಿನ ಹತ್ತಿರದ ಬುಕ್ ಡಿಪೋದಿಂದ, ಚಿಕ್ಕ ಮಕ್ಕಳು ಆನೆ ಕುದುರೆ ಮಾಡುವ ಬಣ್ಣದ ಮಣ್ಣು ತಂದ. ಅದೂ ಒತ್ತಿದ ಗುರುತು ಹಿಡಿಯುತ್ತದೆ. ಬಹಳ ಚೆನ್ನಾಗಿ ಹಿಡಿಯುತ್ತದೆ. ಪಂಚಮಿಗೂ ಸಿಗುತ್ತದೆ. ಅವಳನ್ನು ತವರಿಗೆ ಕಳಿಸಿ, ಆ ಮಣ್ಣು ಹಚ್ಚಿದ್ದರೆ ಏನೂ ಆಗುತ್ತಿರಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು.

ಮರುವರ್ಷ ನಾನು ಕೃಷ್ಣೆ ದಾಟಿ ಜುಗೂಳಕ್ಕೆ ಹೋಗಿದ್ದೆ, ನಮ್ಮ ಬಳಗದವರ ಮದುವೆಗೆ. ಅವಳ ಮನೆ ಹುಡುಕಿಕೊಂಡು ಹೋದೆ. ಅಣ್ಣನ ಮನೆಯಲ್ಲಿ ಇದ್ದಳು. ಅತ್ತಿಗೆ ಅನ್ನುವವಳು ನನ್ನ ಎದುರಿಗೇ ಅವಳ ಕೈಯಿಂದ ಹಿಟ್ಟಿನ ಪರಾತ ಕಸಿದುಕೊಂಡು, ನೀ ನಾದಬ್ಯಾಡವಾ ಎಂದು ನಕ್ಕಳು. ಅಲ್ಲಿಗೂ ಆ ಹೆಸರು ಹೋಗಿತ್ತು. ವಾಪಸ್ಸು ಬಾರೆ ತಂಗಿ, ನಾನು ಅವನ ಹತ್ತಿರ ಮಾತಾಡುತ್ತೇನೆ ಅಂದೆ.

'ನಾಕ್ ಮಂದಿ ಮುಂದ ನಿಂದರ್ಸಿ ಅಂದಾರ್ರಿ ಅಕ್ಕಾರ. ನಾಕ್ ಮಂದಿ ಮುಂದ ಹೇಳಲಿ, ಗೋದಿ ಹಿಟ್ಟಂತ ನನಗ ಗೊತ್ತಿತ್ತು ಅಂತ. ಅಷ್ಟ ಹೇಳಲಿ, ಅವತ್ತ ಬರ್ತೀನಿ' ಎಂದಳು.

ಅಷ್ಟೇ ಅವಳು ಕೇಳಿದ್ದು. ಸೀರೆ ಕೇಳಲಿಲ್ಲ, ಕಾಲಿಗೆ ಬೀಳು ಅನ್ನಲಿಲ್ಲ. ಒಂದು ವಾಕ್ಯ. ನಾನು ಬಂದು ಅವನಿಗೆ ಹೇಳಿದೆ. ಆಗ ಅವನು ಒಂದು ಕಾರಿನ ಕೆಳಗೆ ಮಲಗಿದ್ದ. ಹೊರಗೆ ಬರಲಿಲ್ಲ, ಅಲ್ಲಿಂದಲೇ ಮಾತಾಡಿದ.

'ಹೆಸರ ಹೋದ್ರ ಎಲ್ಲಿಂದ ತರ್ಲಿ ಅಕ್ಕಾರ? ಹೆಂಡ್ತಿ ಹೋದ್ರ ರೊಟ್ಟಿ ಖಾನಾವಳ್ಯಾಗ ಸಿಗತಾವ.'

ಅವನಿಗೆ ಗೊತ್ತಿತ್ತು ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ಆದರೂ ವರ್ಷಗಟ್ಟಲೆ ಖಾನಾವಳಿಯ ಒಣ ರೊಟ್ಟಿ ತಿಂದ. ಕೂಡಿಸಿದ ಹೆಡ್ಡು ಒಂದೂ ವಾಪಸ್ಸು ಬಂದಿಲ್ಲ ಎನ್ನುವ ಮಾತನ್ನು ಮತ್ತೆ ಶುರುಮಾಡಿದ. ಒಂದು ಬಂದಿತ್ತಲ್ಲ ಎಂದು ಯಾರಾದರೂ ಅಂದರೆ, ಅದು ನನ್ನ ಕೈದಲ್ಲ, ಹೆಂಡತಿ ಕೈದು ಅನ್ನುತ್ತಿದ್ದ.

ಹೋದ ವರ್ಷ ಬೇಸಿಗೆಯಲ್ಲಿ ಅವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಬಾಯಿ ಒಂದು ಕಡೆಗೆ ಎಳೆದು ಮಾತು ತೊದಲಾಯಿತು. ಬೈಗುಳ ಮಾತ್ರ ತಿಳಿಯುತ್ತಿತ್ತು, ಅದೂ ಅರ್ಧ. ಅವನ ಬಳಗದವರು ಒಂದು ವಾರ ನೋಡಿಕೊಂಡರು, ಆಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಕಡೆಗೆ ಜುಗೂಳಕ್ಕೆ ಹೋಗಿ ಅವಳ ಮುಂದೆ ಕೈಮುಗಿದರು. ಅವಳು ಒಂದು ಚೀಲ ಹಿಡಿದುಕೊಂಡು ಬಂದಳು. ಬಂದ ದಿನ ನಾನು ಹೋಗಿ, ಅವನು ಏನೂ ಹೇಳದೆಯೇ ಬಂದೆಯಲ್ಲೇ ಅಂದೆ. ಕೇಳಾಕಂತ ಬಂದೀನ್ರಿ ಅಂದಳು.

ಸೇವೆ ಅಂದರೆ ಅದು ಸೇವೆ. ಮಗ್ಗಲು ಬದಲಿಸುವುದು, ಮೈ ಒರೆಸುವುದು, ಗಂಜಿಯನ್ನು ಆರಿಸಿ ಆರಿಸಿ ಚಮಚದಲ್ಲಿ ಹಾಕುವುದು. ಊರ ಹೆಂಗಸರು ಬಂದು ನೋಡಿ, ಎಂಥ ಪುಣ್ಯವಂತ ಎಂದು ಕಣ್ಣೊರೆಸಿಕೊಂಡರು. ಇಂಜಿನ್ ಒಡದಾಕಿ ಎಂದವರೇ ಈಗ ದೇವರಂಥಾಕಿ ಅಂದರು. ಅವನ ತೊದಲು ಮಾತು ಮೊದಮೊದಲು ಯಾರಿಗೂ ತಿಳಿಯುತ್ತಿರಲಿಲ್ಲ. ಸ್ವಲ್ಪ ದಿನದಲ್ಲಿ ಅವಳಿಗೆ ಪೂರ್ತಿ ತಿಳಿಯತೊಡಗಿತು. ಬೆನ್ನು ತುರಿಸುತ್ತದೆ ಅಂತಾರೆ, ಕಿಟಕಿ ಹಾಕು ಅಂತಾರೆ ಎಂದು ಅವಳೇ ನಮಗೆ ಹೇಳುತ್ತಿದ್ದಳು. ದಿನಾ ಮಧ್ಯಾಹ್ನ ಹೋಗಿ ಕೂರುತ್ತಿದ್ದ ನನಗೂ ಅಷ್ಟಿಷ್ಟು ಹಿಡಿತಕ್ಕೆ ಬಂತು.

ಅವನು ಸಾಯುವ ಹಿಂದಿನ ವಾರ, ಒಂದು ಮುಂಜಾನೆ, ಕುಡಚಿಯ ಬಳೆ ವ್ಯಾಪಾರಿ ನೋಡಲು ಬಂದರು. ಅವರ ಮನಸ್ಸು ದೊಡ್ಡದು, ಹಳೆಯದನ್ನೆಲ್ಲ ಮರೆತು ಮೋಸಂಬಿ ತಂದಿದ್ದರು. ಅಕ್ಕೋಳದವನೂ ಬಂದಿದ್ದ, ನೋಡಿಹೋಗಲೋ ಸಂತೋಷಪಡಲೋ ತಿಳಿಯದು. ಮಿಸ್ತ್ರಿಯ ಚಿಕ್ಕಪ್ಪನ ಮಗ, ಪಕ್ಕದ ಮನೆಯ ಇಬ್ಬರು, ನಾನು. ಮಂಚದ ಸುತ್ತ ನಾಲ್ಕು ಮಂದಿಗೆ ಕಡಿಮೆ ಇರಲಿಲ್ಲ. ಅವನು ವ್ಯಾಪಾರಿಯನ್ನು ಗುರುತು ಹಿಡಿದ. ಎಡಗೈಯಿಂದ ಅವರ ಕೈ ಹಿಡಿದು ಬಿಡಲೇ ಇಲ್ಲ. ಕಣ್ಣಲ್ಲಿ ನೀರು ಬಂತು. ಬಾಯಿ ಅತ್ತಿತ್ತ ಎಳೆದಾಡುತ್ತ, ಉಸಿರು ಹಿಡಿದು ಹಿಡಿದು, ಏನೋ ಹೇಳಿದ.

ಉಳಿದವರಿಗೆ ಅದು ಬರೀ ಗೊರಗೊರ. ನನಗೆ ತಿಳಿಯಿತು. ಗೋಧಿ ಅಂದ. ನನಗ ಗೊತ್ತಿತ್ತು ಅಂದ. ಆಕಿದು ತಪ್ಪಿಲ್ಲ ಅಂದ. ಅವಳು ತಲೆದಿಂಬಿನ ಬದಿ ನಿಂತು ಅವನ ಮುಖ ಒರೆಸುತ್ತಿದ್ದಳು. ಅವಳ ಕೈ ಗಕ್ಕನೆ ನಿಂತದ್ದನ್ನು ನಾನು ನೋಡಿದೆ.

'ಏನಂತಾನ ಭಾಬಿ?' ವ್ಯಾಪಾರಿ ಕೇಳಿದರು.

ಎಲ್ಲರೂ ಅವಳ ಕಡೆ ತಿರುಗಿದರು. ನನ್ನ ಬಾಯಿಗೆ ಬಂದುಬಿಟ್ಟಿತ್ತು, ಅವಳು ಒಂದು ಸಲ ನನ್ನನ್ನು ನೋಡಿದಳು. ನಾನು ಬಾಯಿ ಮುಚ್ಚಿದೆ. ಹೇಳುವ ಹಕ್ಕು ಅವಳದು. ಅವಳು ಸೆರಗು ಸರಿಮಾಡಿಕೊಂಡು ಅವನ ಮುಖವನ್ನೇ ನೋಡುತ್ತ, ಅಂದು ಮರದ ಕೆಳಗೆ ಅವನು ಹೇಳಿದ ಹಾಗೆಯೇ ಸಾವಕಾಶ ಹೇಳಿದಳು.

'ನೀರ ಕೇಳಾಕತ್ತಾರ್ರಿ.'

ಅವನು ಅಲ್ಲ ಅಲ್ಲ ಎಂದು ತಲೆ ಆಡಿಸಿದ. ಮತ್ತೆ ಉಸಿರು ಹಿಡಿದು ಅದನ್ನೇ ಹೇಳಿದ, ಈ ಸಲ ಇನ್ನೂ ಜೋರಾಗಿ. ಅವಳು ಚಮಚ ತುಂಬಿ, ಗದ್ದ ಹಿಡಿದು, ಆ ತೆರೆದ ಬಾಯಿಗೆ ನೀರು ಹಾಕಿದಳು.